ಇಸ್ತ್ರಿಯಣ್ಣ ಸದನದಲ್ಲಿ ಕೂಗಿದ ದಿನ

ಚರಂಡಿ ಕಟ್ಟಿಕೊಂಡು ಮೂರು ವಾರವಾಗಿತ್ತು. ಕಪ್ಪು ನೀರು ಬೀದಿ ತುಂಬಿ ಮನೆಗಳ ಮೆಟ್ಟಿಲು ಹತ್ತುತ್ತಿತ್ತು. ಇಸ್ತ್ರಿ ಅಂಗಡಿಗೆ ಬರುವವರು ಮೂಗು ಮುಚ್ಚಿಕೊಂಡು, ಇಟ್ಟಿಗೆಯಿಂದ ಇಟ್ಟಿಗೆಗೆ ಜಿಗಿದು ಬಟ್ಟೆ ಕೊಟ್ಟು ಹೋಗುತ್ತಿದ್ದರು.

ಅಂಗಡಿಯವನನ್ನು ಬೀದಿಯವರೆಲ್ಲ ಇಸ್ತ್ರಿಯಣ್ಣ ಎನ್ನುತ್ತಿದ್ದರು. ಕೆಲಸದಲ್ಲಿ ಅಚ್ಚುಕಟ್ಟು, ಬಾಯಿ ಮಾತ್ರ ಸ್ವಲ್ಪ ಜೋರು.

"ಸ್ಪೀಕರ್ ಅಂದ್ರೆ ಯಾರು ಅಂದ್ಕೊಂಡ್ರಿ? ಮುಖ್ಯಮಂತ್ರಿ ತಂದು ಕೂರಿಸಿದ ಗೊಂಬೆ. ಬೇಡ ಅನಿಸಿದ ದಿನ ಎಬ್ಬಿಸಿ ಕಳಿಸ್ತಾರೆ, ಅಷ್ಟೇ!" ಎಂದು ಕಾಲರ್ ತೀಡುತ್ತ ಹೇಳುತ್ತಿದ್ದ. ಅವನ ಮಗಳು ಶಾಸನಸಭೆಯಲ್ಲಿ ಶೀಘ್ರಲಿಪಿಗಾರ್ತಿ. ಸದಸ್ಯರು ಆಡಿದ ಮಾತನ್ನೆಲ್ಲ ಬರೆದುಕೊಳ್ಳುವ ಕೆಲಸ. ಹಾಗಾಗಿ ಅಪ್ಪನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ನಂಬಿದ್ದರು. ಅವನು ಮಗಳನ್ನು ಈ ವಿಷಯ ಒಂದು ದಿನವೂ ಕೇಳಿರಲಿಲ್ಲ.

ಒಂದು ದಿನ ಮಗಳೇ ಅಪ್ಪನಿಗೆ ಸದನ ನೋಡಲು ಪಾಸು ತಂದುಕೊಟ್ಟಳು. "ಇವತ್ತು ನಮ್ಮ ಚರಂಡಿ ವಿಷಯ ಬರುತ್ತಪ್ಪ. ಪಕ್ಕದ ಕ್ಷೇತ್ರದ ಸದಸ್ಯೆ ಎತ್ತುತ್ತಾರೆ. ಸುಮ್ಮನೆ ಕೂತು ಕೇಳು, ಮಾತಾಡೋ ಹಾಗಿಲ್ಲ."

ಅವನು ತನ್ನ ಅಂಗಿಯನ್ನೇ ಎರಡು ಸಲ ಇಸ್ತ್ರಿ ಮಾಡಿಕೊಂಡು ಹೋದ. ಮೇಲಿನ ಗ್ಯಾಲರಿಯಿಂದ ನೋಡಿದರೆ ಮಗಳು ಸದನದ ನಡುವಿನ ಮೇಜಿನಲ್ಲಿ ತಲೆಬಗ್ಗಿಸಿ ಬರೆಯುತ್ತಿದ್ದಳು. ಅವನಿಗೆ ಎದೆ ತುಂಬಿ ಬಂತು. ಪಕ್ಕದ ಕ್ಷೇತ್ರದ ಸದಸ್ಯೆ ಎದ್ದು ಚರಂಡಿಯ ಮಾತೆತ್ತಿದರು. "ಸ್ವಲ್ಪ ತಾಳಿ" ಎಂದರು ಸ್ಪೀಕರ್. ಸದಸ್ಯೆ ಮತ್ತೆ ಎದ್ದರು. ಸ್ಪೀಕರ್ ಮತ್ತೆ ಕೂರಿಸಿದರು.

ಇಸ್ತ್ರಿಯಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿಯೇ ಬಿಟ್ಟ: "ಏಯ್, ಮುಖ್ಯಮಂತ್ರಿ ಗೊಂಬೆ! ಇಳಿಯೋ ಕೆಳಗೆ!"

ಸದನದಲ್ಲಿ ಗದ್ದಲವಾಯಿತು. ಕಾವಲಿನವರು ಅವನ ಎರಡೂ ತೋಳು ಹಿಡಿದರು. ಕೆಳಗೆ ಮಗಳ ಕೈ ನಿಂತುಹೋಗಿತ್ತು. ಒಂದು ಕ್ಷಣ ತಲೆಯೆತ್ತಿ ನೋಡಿದವಳು ಮತ್ತೆ ಎತ್ತಲಿಲ್ಲ.

ಕಾವಲು ಕೋಣೆಯಲ್ಲಿ ಅಧಿಕಾರಿ ಪಾಸು ತಿರುವಿ ನೋಡಿ ಕೇಳಿದ: "ಇದನ್ನ ಕೊಡಿಸಿದ್ದು ಯಾರು?"

"ಮಗಳು" ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. ಆದರೆ ಪಾಸಿನ ಹಿಂದೆ ಅವಳ ಸಹಿಯೇ ಇತ್ತು. ಕ್ಷಮಾಪಣೆ ಬರೆದುಕೊಟ್ಟು ಹೊರಬಂದ.

ಸಂಜೆ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅವನು ಗೋಡೆ ಕಡೆ ಮುಖ ಮಾಡಿ ಕೂತಿದ್ದ.

"ಏನಾಯ್ತೇ?" ಎಂದಳು ತಾಯಿ.

"ಸದನದ ಕೆಲಸದಿಂದ ತೆಗೆದು ಟೈಪಿಂಗ್ ಕೋಣೆಗೆ ಹಾಕಿದ್ದಾರಮ್ಮ. ಮೂರು ತಿಂಗಳು." ಆಮೇಲೆ ಅಪ್ಪನ ಕಡೆ ತಿರುಗಿದಳು. "ಗದ್ದಲಕ್ಕೆ ಸದನ ಮುಂದೂಡಿದ್ರು. ಮಧ್ಯಾಹ್ನ ಎರಡು ಗಂಟೆಗೆ ಚರಂಡಿ ವಿಷಯಕ್ಕೆ ಸಮಯ ಕೊಟ್ಟಿದ್ರಪ್ಪ. ಅದೂ ಹೋಯ್ತು."

ಅವನಿಗೆ ನೆಲ ಬಾಯ್ಬಿಟ್ಟರೆ ಸಾಕು ಎನಿಸಿತು. ಆದರೂ ಹಟ ಬಿಡದೆ ಗೊಣಗಿದ: "ನಾನಂದಿದ್ದೇನು ಸುಳ್ಳಾ? ಕೂರಿಸಿದ್ದು ಮುಖ್ಯಮಂತ್ರಿ ತಾನೇ?"

"ಅಲ್ಲಪ್ಪ. ಚುನಾವಣೆ ಆದ್ಮೇಲೆ ಗೆದ್ದ ಸದಸ್ಯರೆಲ್ಲ ಸೇರಿ ತಮ್ಮಲ್ಲೇ ಒಬ್ಬರನ್ನ ಸ್ಪೀಕರ್ ಅಂತ, ಇನ್ನೊಬ್ಬರನ್ನ ಉಪ ಸ್ಪೀಕರ್ ಅಂತ ಆರಿಸ್ತಾರೆ."

"ಸರಿ, ಇಳಿಸೋದಾದ್ರೂ ಮುಖ್ಯಮಂತ್ರಿ ಅಲ್ವಾ?"

"ಅವರೊಬ್ಬರಿಂದ ಆಗಲ್ಲ, ರಾಜ್ಯಪಾಲರಿಂದಲೂ ಆಗಲ್ಲ. ಆರಿಸಿದ ಸದಸ್ಯರೇ ಇಳಿಸಬೇಕು. ಹದಿನಾಲ್ಕು ದಿನ ಮೊದಲು ನೋಟಿಸ್ ಕೊಡಬೇಕು. ಆ ಚರ್ಚೆ ನಡೆಯೋವಾಗ ಸ್ಪೀಕರ್ ಪೀಠದಲ್ಲಿ ಕೂರೋ ಹಾಗಿಲ್ಲ. ಆದರೆ ತಮ್ಮ ಪರವಾಗಿ ಮಾತಾಡಬಹುದು, ಮತ ಹಾಕಬಹುದು."

"ಹೌದೇನೇ?" ಎಂದಳು ತಾಯಿ.

"ಹ್ಞೂಂ. ಈ ಸ್ಪೀಕರನ್ನ ಇಳಿಸಬೇಕು ಅಂತ ಕೆಲವು ಸದಸ್ಯರು ನಿನ್ನೆಯೇ ನೋಟಿಸ್ ಕೊಟ್ಟಾಗಿದೆ. ಅಪ್ಪ ಕೂಗೋ ಅಗತ್ಯವೇ ಇರಲಿಲ್ಲ." ಅಪ್ಪನ ಎದುರಿಗೆ ಬಂದು ಕೂತು ಕೇಳಿದಳು: "ಅಪ್ಪ, ನಮ್ಮ ಶಾಸಕರು ಇವತ್ತು ಸದನದಲ್ಲಿ ಎಲ್ಲಿ ಕೂತಿದ್ರು, ನೋಡಿದೆಯಾ?"

ಅವನು ನೋಡಿರಲಿಲ್ಲ.

"ಬಂದೇ ಇರಲಿಲ್ಲ."

ಆ ಶಾಸಕರ ಅಂಗಿಗಳನ್ನು ಹನ್ನೊಂದು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದವನು ಅವನೇ. ವಾರಕ್ಕೆ ಎರಡು ಸಲ ಅವರ ಬಾಗಿಲಿಗೆ ಹೋಗುತ್ತಿದ್ದ. ಊರಿಗೆಲ್ಲ ಭಾಷಣ ಬಿಗಿದವನು ಅಲ್ಲಿ ಹಲ್ಲು ಕಿರಿದು, ಗಂಟು ಕೊಟ್ಟು ಬರುತ್ತಿದ್ದ. ನೆನೆದು ಅವನ ಕಿವಿ ಬಿಸಿಯಾಯಿತು.

"ರೀ, ನಾಳೆ ಬಟ್ಟೆ ಕೊಡೋಕೆ ನಾನೂ ಬರ್ತೀನಿ" ಎಂದಳು ಹೆಂಡತಿ.

ಮರುದಿನ ಬೀದಿಯ ಎಂಟು ಮಂದಿ ಜೊತೆಗೆ ಹೊರಟರು. ಶಾಸಕರೇ ಬಾಗಿಲಿಗೆ ಬಂದರು. ಇಸ್ತ್ರಿಯಣ್ಣ ಬಟ್ಟೆಯ ಗಂಟು ಕೊಟ್ಟು ಹೇಳಿದ:

"ಸರ್, ನಿನ್ನೆ ಸದನದಲ್ಲಿ ಕೂಗಿ ಮಾನ ಕಳಕೊಂಡವನು ನಾನೇ. ತಪ್ಪಾಯ್ತು. ಆದ್ರೆ ನೀವೂ ಅಲ್ಲಿರಲಿಲ್ಲ. ಸ್ಪೀಕರ್ ಇರಲಿ ಅನ್ನಿ, ಬೇಡ ಅನ್ನಿ, ಅದು ನಿಮ್ಮ ಮನಸ್ಸು. ಮತದ ದಿನ ಅಲ್ಲಿರಿ. ಯಾಕೆ ಹಾಗೆ ಹಾಕಿದ್ರಿ ಅಂತ ಬಂದು ನಮಗೆ ಹೇಳಿ."

ಶಾಸಕರ ಮುಖ ಬಿಗಿಯಿತು. ಆಮೇಲೆ ಮೆಲ್ಲಗೆ, "ಇರ್ತೀನಿ" ಎಂದರು.

ಮತದ ದಿನ ಅಂಗಡಿಯ ಟಿವಿ ಮುಂದೆ ಬೀದಿಯೇ ನೆರೆಯಿತು. ಪೀಠದಲ್ಲಿ ಉಪ ಸ್ಪೀಕರ್ ಕೂತಿದ್ದರು. ಸ್ಪೀಕರ್ ಸದಸ್ಯರ ನಡುವೆ ನಿಂತು ತಮ್ಮ ಮಾತು ಹೇಳಿದರು. ಬೀದಿಯವರ ಕ್ಷೇತ್ರದ ಶಾಸಕರೂ ಬಂದಿದ್ದರು. ಇಳಿಸಬೇಕೆಂದು ಐವತ್ತೈದು ಮತ, ಬೇಡವೆಂದು ನಲವತ್ನಾಲ್ಕು. ಪೀಠದಲ್ಲಿದ್ದ ಉಪ ಸ್ಪೀಕರ್ ಮತ ಹಾಕುವಂತಿರಲಿಲ್ಲ.

"ಗೆದ್ದೆವು!" ಎಂದರು ಯಾರೋ.

"ತಾಳಪ್ಪ" ಎಂದ ಇಸ್ತ್ರಿಯಣ್ಣ. ಮಗಳನ್ನು ಕೂಡಿಸಿಕೊಂಡು ಕೇಳಿ ತಿಳಿದುಕೊಂಡಿದ್ದ. "ಬಂದವರಲ್ಲಿ ಹೆಚ್ಚು ಮತ ಬಿದ್ದರೆ ಸಾಲದು. ಆಗ ಇರೋ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಒಟ್ಟು ನೂರಿಪ್ಪತ್ತು ಮಂದಿ. ಅರವತ್ತೊಂದು ಬೇಕಿತ್ತು."

ಇಪ್ಪತ್ತು ಮಂದಿ ಬಂದೇ ಇರಲಿಲ್ಲ. ನಿರ್ಣಯ ಬಿದ್ದಿತು, ಸ್ಪೀಕರ್ ಉಳಿದರು. ಬೀದಿಯವರು ಒಬ್ಬೊಬ್ಬರಾಗಿ ಎದ್ದು, ಇನ್ನೂ ಇಳಿಯದ ಚರಂಡಿ ನೀರಿನಲ್ಲಿ ಇಟ್ಟಿಗೆ ತುಳಿದು ಹೋದರು. ಇಸ್ತ್ರಿಯಣ್ಣ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಸದನದ ನಡುವಿನ ಮೇಜಿನಲ್ಲಿ ಬೇರೆ ಯಾರೋ ಬರೆಯುತ್ತಿದ್ದರು.

ಓದುಗರೇ, ಆ ಇಪ್ಪತ್ತು ಮಂದಿಯನ್ನೂ ಯಾವುದೋ ಬೀದಿಯ ಜನ ಆರಿಸಿ ಕಳಿಸಿದ್ದರು. ಅವರ ಬಾಗಿಲಿಗೆ ಹೋಗಿ ಯಾರೂ ಕೇಳಲಿಲ್ಲ. ಸಭೆಯ ಪೀಠಕ್ಕೆ ಯಾರನ್ನು ಆರಿಸಬೇಕು, ಯಾರನ್ನು ಇಳಿಸಬೇಕು ಎಂಬುದು ನಿಮ್ಮ ಸದಸ್ಯರ ಕೈಯಲ್ಲಿದೆ. ಆ ದಿನ ನೀವು ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ಅವರನ್ನು ಕೇಳುವುದು ನಿಮ್ಮ ಕೈಯಲ್ಲಿದೆ. ನಾಚಿಕೆಪಡುವ ದಿನ ಬರುವ ಮುಂಚೆಯೇ ಹೋಗಿ ಕೇಳಿ.