ಮೂರನೆಯ ಕೈ

ಒಂದು ಹೊಲಿಗೆ ಅಂಗಡಿ. ಅದರಲ್ಲಿದ್ದವಳಿಗೆ ಮೂರು ಕೈ. ಎರಡು ಎಲ್ಲರಿಗೂ ಇರುವಂಥವು, ಮೂರನೆಯದು ಬಾಯಿ. ದಾರ ಕಡಿಯುವುದೂ ಬಾಯಲ್ಲೇ, ಗುಂಡುಸೂಜಿ ಇಟ್ಟುಕೊಳ್ಳುವುದೂ ಬಾಯಲ್ಲೇ. ಬೀದಿಯವರು ಅವಳನ್ನು ‘ಮೂರುಕೈ’ ಎಂದೇ ಕರೆಯುತ್ತಿದ್ದರು. ಕತೆಯ ರಾಕ್ಷಸನ ಜೀವ ಏಳು ಕಡಲಿನಾಚೆಯ ಗಿಳಿಯಲ್ಲಿರುವ ಹಾಗೆ, ಅವಳ ಕಸುಬಿನ ಜೀವ ಮೇಲಿನ ಸಾಲಿನ ಒಂದು ಮುಂದಿನ ಹಲ್ಲಿನಲ್ಲಿತ್ತು. ದಾರ ಕಡಿದೂ ಕಡಿದೂ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದು, ಈಗೀಗ ದಾರ ತಾನಾಗಿಯೇ ಹೋಗಿ ಅದರಲ್ಲಿ ಕೂರುತ್ತಿತ್ತು.

ಆ ಕಚ್ಚೇ ಹುಳುಕಾಯಿತು. ತಣ್ಣೀರು ಕುಡಿದರೆ ನೆತ್ತಿಯವರೆಗೆ ಜುಮ್ಮೆನ್ನುತ್ತಿತ್ತು.

“ಹಲ್ಲಿನ ಡಾಕ್ಟರ ಹತ್ರ ಹೋಗು, ಕಿತ್ತು ಕೈಗೆ ಕೊಡ್ತಾರೆ” ಎಂದಳು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕ.

“ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬರುತ್ತಾ?” ಎಂದು ಸಿಡುಕಿದಳು ಮೂರುಕೈ. ಹಲ್ಲು ಹೋದರೆ ಕೆಲಸ ಮಾಡುವುದು ಹೇಗೆ?

ಹಲ್ಲಿನ ಡಾಕ್ಟರಮ್ಮನ ಕುರ್ಚಿ ಹಿಂದಕ್ಕೆ ವಾಲಿತು. ದೀಪ ನೇರ ಮುಖಕ್ಕೆ. ಮೂರುಕೈ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ಡಾಕ್ಟ್ರೇ, ನೋವಾಗುತ್ತಾ?”

“ಇಂಜೆಕ್ಷನ್ ಕೊಡೋವಾಗ ಇರುವೆ ಕಡಿದಷ್ಟು. ಆಮೇಲೆ ನೋವು ಗೊತ್ತಾಗಲ್ಲ.”

“ಮೇಲಿನ ಹಲ್ಲಿಗೆ ಕೈ ಹಾಕಿದ್ರೆ ಕಣ್ಣು ಹೋಗುತ್ತಂತೆ?”

“ಹಾಗಿದ್ದಿದ್ರೆ ಅರ್ಧ ಊರು ಕೋಲು ಹಿಡ್ಕೊಂಡು ಓಡಾಡ್ತಿತ್ತು. ಹಲ್ಲಿಗೂ ದೃಷ್ಟಿಗೂ ಸಂಬಂಧ ಇಲ್ಲ.”

“ಊಟ ಮಾಡ್ಕೊಂಡೇ ಬಂದುಬಿಟ್ಟೆ…”

“ಒಳ್ಳೇದೇ ಆಯ್ತು. ಖಾಲಿ ಹೊಟ್ಟೇಲಿ ಬಂದವರೇ ತಲೆ ಸುತ್ತಿ ಬೀಳೋದು. ಬಿಪಿ, ಶುಗರು ಅಂತ ಮಾತ್ರೆ ಏನಾದ್ರೂ ನುಂಗ್ತೀರಾ?”

“ಇಲ್ಲ.” ಇನ್ನು ಉಳಿದದ್ದು ಅಸಲು ಪ್ರಶ್ನೆ. ಕೇಳಿಯೇಬಿಟ್ಟಳು: “ಕೀಳ್ತೀರಾ?”

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ನೋಡಿದರು, ಎಕ್ಸ್‌ರೇ ತೆಗೆದರು. “ಬೇರು ಗಟ್ಟಿಯಾಗಿದೆ. ಹುಳುಕು ತೆಗೆದು ತುಂಬಿದ್ರೆ ಉಳಿಯುತ್ತೆ. ಅಲ್ಲ, ಈ ಕಚ್ಚು ಹೆಂಗೆ ಬಿತ್ತು? ಈ ಹಲ್ಲಲ್ಲಿ ಏನಾದ್ರೂ ಕಡೀತೀರಾ?”

ಹೌದೆಂದರೆ ಅದನ್ನು ಬಿಟ್ಟುಬಿಡಿ ಎನ್ನುತ್ತಾರೆ. ಮೂರುಕೈ ತಲೆಯಾಡಿಸಿದಳು. “ಏನಿಲ್ಲ, ಹುಟ್ಟಿದಾಗಿಂದ ಹಿಂಗೇ.”

ಹಲ್ಲು ಹುಟ್ಟಿದಾಗಲೇ ಬರುತ್ತದೆಯೇ ಎಂದು ಡಾಕ್ಟರಮ್ಮ ಕೇಳಲಿಲ್ಲ. ಕೆಲಸ ಮುಗಿಸಿ ಇಷ್ಟೇ ಹೇಳಿದರು: “ತುಟಿ ಸಂಜೆವರೆಗೂ ಮರಗಟ್ಟಿರುತ್ತೆ. ಅಲ್ಲಿವರೆಗೆ ಏನೂ ತಿನ್ನಬೇಡಿ, ಬಿಸಿ ಕುಡೀಬೇಡಿ.”

ಮೂರುಕೈ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಅಂಗಡಿಗೆ ಬಂದ ಮೇಲೆ ಅಕ್ಕ ಚಹಾ ಕೊಟ್ಟರೂ ಮುಟ್ಟಲಿಲ್ಲ. ಆದರೆ ಗುಂಡುಸೂಜಿ ತಿನ್ನುವ ಪದಾರ್ಥವೂ ಅಲ್ಲ, ಕುಡಿಯುವುದೂ ಅಲ್ಲವಲ್ಲ! ಮದುವೆಗೆ ಹೊರಟ ಹುಡುಗಿಯೊಬ್ಬಳು ಉದ್ದ ಲಂಗ ತೊಟ್ಟು ಸ್ಟೂಲಿನ ಮೇಲೆ ನಿಂತಳು. ಮೂರುಕೈ ಮಂಡಿಯೂರಿ, ತುಟಿಗಳ ನಡುವೆ ಸೂಜಿಗಳನ್ನು ಸಿಕ್ಕಿಸಿಕೊಂಡು, ಬಲಗಡೆಯಿಂದ ಒಂದೊಂದೇ ತೆಗೆದು ಅಂಚಿಗೆ ಚುಚ್ಚುತ್ತ ಬಂದಳು. ಕೊನೆಯ ಮಡಿಕೆಗೆ ಕೈ ತುಟಿಗೆ ಹೋಯಿತು. ಸೂಜಿಯಿಲ್ಲ. ಇನ್ನೊಂದು ಇತ್ತಲ್ಲ! ನೆಲ ತಡವಿದಳು. ಸೆರಗು ಕೊಡವಿದಳು. ಇಲ್ಲ.

ಫೋನಿಗೆ ಓಡಿದಳು.

“ಡಾಕ್ಟ್ರೇ, ಸೂಜಿ ನುಂಗಿಬಿಟ್ಟೆ!”

“ನನ್ನ ಸೂಜಿ ಇಲ್ಲೇ ಇದೆಯಲ್ರೀ?”

“ನನ್ನದು! ಗುಂಡುಸೂಜಿ. ಬಾಯಲ್ಲಿಟ್ಕೊಂಡಿದ್ದೆ.”

“ದಾರಾನೂ ಬಾಯಲ್ಲೇ ಕಡೀತೀರಾ?”

“…ಹೂಂ.”

“ಅದನ್ನೇ ಅಲ್ವಾ ನಾನು ಕೇಳಿದ್ದು? ಇರಲಿ. ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಕೆಮ್ಮು? ಎಲ್ಲೂ ನಿಲ್ಲಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ.”

ಸ್ಟೂಲಿನ ಮೇಲಿದ್ದ ಹುಡುಗಿ ಆಗ ಹಿಂತಿರುಗಿ ನೋಡಿದಳು. “ಆಂಟಿ, ನಿಮ್ಮ ತುಟೀಲಿ ಏನೋ ಹೊಳೀತಿದೆ.”

ಅಕ್ಕ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು. “ಅಯ್ಯೋ ನಿನ್ನ! ಮೀಸೆ ಬಂದಿದೆ ಕಣೇ ನಿನಗೆ!”

ಗುಂಡುಸೂಜಿ ಮೇಲ್ತುಟಿಯ ಎಡಮೂಲೆಗೆ ಚುಚ್ಚಿಕೊಂಡು ನೇತಾಡುತ್ತಿತ್ತು. ಅವಳಿಗೆ ಇರುವೆ ಕಡಿದಷ್ಟೂ ಗೊತ್ತಾಗಿರಲಿಲ್ಲ.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಡಾಕ್ಟರಮ್ಮ ದೀರ್ಘವಾಗಿ ಉಸಿರುಬಿಟ್ಟರು. “ಮೆಲ್ಲಗೆ ತೆಗೆದು ಶುದ್ಧ ಹತ್ತಿ ಒತ್ತಿ ಹಿಡೀರಿ. ನಾಳೆ ಬಂದು ತೋರಿಸಿ, ಟಿ.ಟಿ. ಇಂಜೆಕ್ಷನ್ ಬೇಕಾ ನೋಡೋಣ. ಮತ್ತೆ ಕೇಳಿ, ಆ ಹಲ್ಲಲ್ಲಿ ದಾರ ಕಡಿದ್ರೆ ತುಂಬಿದ್ದು ಉದುರುತ್ತೆ. ಆಮೇಲೆ ಹಲ್ಲು ಉಳಿಸೋದು ನನ್ನ ಕೈಲಿಲ್ಲ.”

ಸಂಜೆ ತುಟಿಗೆ ಮೆಲ್ಲನೆ ಜೀವ ಬಂತು. ಮೊದಲು ಸೂಜಿ ಚುಚ್ಚಿದಲ್ಲಿ ಚುರುಗುಟ್ಟಿತು. ಮೂರುಕೈ ನಾಲಿಗೆಯಿಂದ ಹಲ್ಲು ಸವರಿದಳು. ಇತ್ತು. ಕಚ್ಚು ಮಾಯವಾಗಿ ನುಣ್ಣಗಿತ್ತು.

ಲಂಗದ ಅಂಚು ಮುಗಿಯಿತು. ದಾರ ತನ್ನ ಹಳೆಯ ಜಾಗ ಹುಡುಕಿಕೊಂಡು ಬಾಯವರೆಗೆ ಬಂತು. ಅಲ್ಲಿ ಕೂರಲು ಜಾಗವೇ ಇರಲಿಲ್ಲ.

“ಅಕ್ಕಾ” ಎಂದಳು, “ಆ ಕತ್ತರಿ ಇತ್ತ ಕೊಡು.”