ನಿತ್ಯಪುಷ್ಪವನ್ನು ಕುದಿಸಬೇಡಿ

ನಮ್ಮೂರು ಜೆಪ್ಪುವಿನಲ್ಲಿ ಯಾರಿಗೆ ಏನಾದರೂ ಮೊದಲು ಒಲೆ ಏರುವುದು ಕಷಾಯದ ಪಾತ್ರೆ. ಶೀತಕ್ಕೂ ಕಷಾಯ, ಹೊಟ್ಟೆನೋವಿಗೂ ಕಷಾಯ, ಸೊಸೆ ಮುನಿಸಿಕೊಂಡರೂ ಕಷಾಯ! ಆದರೆ 1965ರ ನವೆಂಬರಿನಲ್ಲಿ ಹಂಚಿನ ಕಾರ್ಖಾನೆಯ ರುಡೊಲ್ಫರ ಮನೆಯಲ್ಲಿ ಕುದಿಯುತ್ತಿದ್ದದ್ದು ನಗುವ ಮಾತಲ್ಲ.

ರುಡೊಲ್ಫರ ಕತ್ತಿನಲ್ಲಿ ಗಂಟುಗಳೆದ್ದಿದ್ದವು. ಕ್ಯಾನ್ಸರ್ ಎಂದರು ಡಾಕ್ಟರು. ಮೊದಲ ಮದ್ದಿಗೆ ಗಂಟು ಕರಗಿತು, ಮನೆಯವರು ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಹರಕೆ ತೀರಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಗಂಟು ಮತ್ತೆ ಬಂತು. ಈ ಸಲ ಅದೇ ಮದ್ದಿಗೆ ಜಗ್ಗಲಿಲ್ಲ. ಡಾಕ್ಟರು ಬೊಂಬಾಯಿಯಿಂದ ಹೊಸ ಇಂಜೆಕ್ಷನ್ ತರಿಸಿದರು. ಅದು ನಿತ್ಯಪುಷ್ಪದ ಗಿಡದಿಂದ ತೆಗೆದದ್ದು ಎಂದು ಕೇಳಿದ್ದೇ ತಡ, ಹೆಂಡತಿ ಉರ್ಸುಲಾ ಚರ್ಚಿನ ಸ್ಮಶಾನದಿಂದ ಒಂದು ಮಡಿಲು ಗಿಡ ಕಿತ್ತು ತಂದರು. ಸತ್ತವರ ನೆನಪಿನ ದಿನಕ್ಕೆಂದು ಗೋರಿಗಳ ಮೇಲೆ ಬೆಳೆಸಿದ ಗಿಡಗಳವು.

ಪಕ್ಕದ ಮನೆಯ ನರ್ಸ್ ಕುಶಲಾ ಒಳಗೆ ಬಂದರು. "ಎಂತ ಉರ್ಸುಲಾ ಬಾಯಿ, ಈ ವಾಸನೆ?"

"ಇವರ ಮದ್ದು ಕುಶಲಕ್ಕ. ಸೂಜಿಯಲ್ಲಿ ಹೋಗುವುದೂ ಇದೇ ಗಿಡ ಅಲ್ವಾ? ಆಸ್ಪತ್ರೆಯ ಮದ್ದು ನಂಬಿ ಎಂತ ಆಯ್ತು? ನಾಳೆ ಇವರನ್ನು ಸೂಜಿಗೆ ಕಳಿಸುವುದಿಲ್ಲ."

"ಅಯ್ಯೋ ದೇವರೇ, ಕುಡಿಸಿದ್ರಾ?"

"ಇಲ್ಲ, ಇನ್ನೂ ಕುದೀತಾ ಉಂಟು."

"ಬಚಾವ್! ಈ ಗಿಡದಲ್ಲಿ ಮದ್ದೂ ಉಂಟು, ವಿಷವೂ ಉಂಟು. ಕುಡಿದ್ರೆ ಯಾವುದು ಎಷ್ಟು ಹೋಯ್ತು ಅಂತ ಯಾರಿಗೆ ಗೊತ್ತು? ಬಂಡಿಗಟ್ಟಲೆ ಎಲೆಯಿಂದ ಒಂದು ಚಿಟಿಕೆ ಮದ್ದು ತೆಗೀತಾರೆ. ಅದನ್ನೂ ರಕ್ತ ಪರೀಕ್ಷೆ ಮಾಡಿ, ಅಳೆದು ಕೊಡುವುದು."

"ಬಂಡಿಗಟ್ಟಲೆ ಎಲೆಗೆ ಒಂದು ಚಿಟಿಕೆಯಾ!" ಉರ್ಸುಲಾರ ಕೈಯ ಸೌಟು ಹಾಗೇ ನಿಂತಿತು.

ರುಡೊಲ್ಫ್ ಬಾಗಿಲಿಗೆ ಬಂದಿದ್ದರು. "ಮತ್ತೆ ಮೊದಲಿನ ಮದ್ದು ಯಾಕೆ ಸೋತದ್ದು?"

"ಅದರಿಂದ ತಪ್ಪಿಸಿಕೊಂಡ ಕ್ಯಾನ್ಸರಿನ ಕೆಲವು ಜೀವಕಣಗಳು ಬೆಳೆದದ್ದು ರುಡೊಲ್ಫಣ್ಣ. ಅವಕ್ಕೆ ಆ ಮದ್ದು ತಾಗುವುದಿಲ್ಲ. ಈ ಗಿಡದ ಮದ್ದಿನ ದಾರಿ ಬೇರೆ. ಒಂದು ಕಣ ಎರಡಾಗ್ಲಿಕ್ಕೆ ಹೊರಟ್ರೆ ಅಲ್ಲೇ ತಡೀತದೆ. ಎಲ್ಲರಿಗೂ ಗುಣ ಆಗ್ತದೆ ಅಂತ ನಾನು ಹೇಳುವುದಿಲ್ಲ. ಆದ್ರೆ ದಾರಿ ಉಂಟು."

ರುಡೊಲ್ಫ್ ಒಂದು ಹೂವನ್ನೆತ್ತಿ ಬಹಳ ಹೊತ್ತು ನೋಡಿದರು. "ನನ್ನ ಗೋರಿಗೆ ಇಡುವ ಹೂ ಅಂತ ಮಾತ್ರ ಗೊತ್ತಿತ್ತು. ಇಷ್ಟು ಸಣ್ಣ ಗಿಡದೊಳಗೆ ದೇವರು ಎಂಥದ್ದು ಇಟ್ಟಿದ್ದಾನೆ! ಅದನ್ನು ಹುಡುಕಿ ತೆಗೆದವರು ಎಂಥವರಿರಬೇಕು!"

ಉರ್ಸುಲಾ ಕಷಾಯವನ್ನು ಹಿತ್ತಲಿನಲ್ಲಿ ಚೆಲ್ಲಿ ಮಣ್ಣು ಮುಚ್ಚಿದರು. ಮರುದಿನ ಗಂಡನನ್ನು ಆಸ್ಪತ್ರೆಗೆ ಹೊರಡಿಸಿದ್ದೂ ಅವರೇ. ಸೂಜಿ ಚುಚ್ಚಿದ ಮೇಲೆ ರುಡೊಲ್ಫರ ಕೂದಲು ಉದುರಿತು. ಬಾಯಿ ಹುಣ್ಣಾಯಿತು. ರಕ್ತ ಕಡಿಮೆಯೆಂದು ಒಂದು ಸಲ ಸೂಜಿಯನ್ನು ಮುಂದೂಡಿದರು. ಕ್ರಿಸ್ಮಸ್ಸಿನ ತಿಂಡಿ ಹಂಚುವ ಹೊತ್ತಿಗೆ ಉರ್ಸುಲಾ ಗಂಡನ ಕತ್ತನ್ನು ತಡವಿದರು. ಗಂಟು ಕೈಗೆ ಸಿಗಲಿಲ್ಲ. ಇನ್ನೊಮ್ಮೆ ತಡವಿದರು. ಆಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟರು.

"ಖುಷಿಯಲ್ಲಿ ಆಸ್ಪತ್ರೆ ಬಿಡ್ಬೇಡಿ ಮತ್ತೆ," ಎಂದರು ಕುಶಲಾ. "ಡಾಕ್ಟರು ಸಾಕು ಅನ್ನುವವರೆಗೆ ಹೋಗ್ಬೇಕು."

"ನಾನೇ ಎಳಕೊಂಡು ಹೋಗ್ತೇನೆ," ಎಂದರು ಉರ್ಸುಲಾ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ಮದ್ದು ಸೋತಿತೆಂದು ಕೈಚೆಲ್ಲಬೇಡಿ. ಬೇರೆ ದಾರಿ ಉಂಟೇ ಎಂದು ಡಾಕ್ಟರನ್ನು ಕೇಳಿ. ಮದ್ದು ಗಿಡದಿಂದ ಬಂದಿದೆಯೆಂದು ಗಿಡವನ್ನೇ ಕುದಿಸಿ ಕುಡಿಸಬೇಡಿ. ಮೈಮೇಲೆ ಗಂಟು ಕಂಡರೆ ಸೆರಗಿನಲ್ಲಿ, ಕಾಲರಿನಲ್ಲಿ ಮುಚ್ಚಿಡಬೇಡಿ. ಇವತ್ತೇ ತೋರಿಸಿ.