ಹೊದಿಕೆಯ ಅಳತೆ

ಫೋನಿನ ಆಚೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಅಂಗಡಿಯಲ್ಲಿದ್ದೀನಿ ಅಂದವನ ಹಿಂದೆ ಬೀದಿ ಯಾಕೆ ಕೇಳಿಸಬೇಕು — ಮುರ್ನಿಯಾತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಿಟಕಿ ಎಳೆದುಕೊಂಡಳು, ಮುಚ್ಚಿದರೂ ಲವಂಗದ ಸಿಗರೇಟಿನ ಕಾರ್ಖಾನೆಯ ವಾಸನೆ ಒಳಗೆ ಬರುತ್ತದೆ, ಕುದುಸ್ ಊರಲ್ಲಿ ಅದು ಯಾರನ್ನೂ ಕೇಳಿ ಬರುವುದಿಲ್ಲ. ರಿಪೇರಿಯ ತೌಫಿಕ್ ಮತ್ತೆ ಅದನ್ನೇ ಕೇಳಿದ, ಇಬು, ಅಮ್ಮಾ, ಕಂಪ್ಯೂಟರ್ ದೊಡ್ಡದಾ ಚಿಕ್ಕದಾ, ನಿಂತಿದೆಯಾ ಮಲಗಿದೆಯಾ, ಇಲ್ಲಾ ಪರದೆಯೊಳಗೇ ಎಲ್ಲಾ ಇರೋದಾ. ಕೆಟ್ಟದ್ದು ಕೆಟ್ಟಿದೆ, ಅದರ ಉದ್ದಗಲ ಇವನಿಗ್ಯಾಕೆ, ಕಳ್ಳರು ಹೀಗೆಯೇ ಶುರುಮಾಡುತ್ತಾರಂತೆ, ಮನೆಯಲ್ಲಿ ಎಷ್ಟು ಜನ, ಹಿಂಬಾಗಿಲು ಉಂಟೇ, ಪೆಟ್ಟಿಗೆ ಒಬ್ಬ ಹೊರುವಷ್ಟಿದೆಯೇ — ಕಪ್ಪು ಬಣ್ಣದ್ದು, ಅಂದಳು. ಕಪ್ಪು ಎಲ್ಲಾದೂ ಇರತ್ತೆ ಇಬು, ಎಮ್ಮೆನೂ ಕಪ್ಪೇ. ನಗುತ್ತಾನೆ ಬೇರೆ. ದೊಡ್ಡದಕ್ಕೆ ಬೇರೆ ಸಾಮಾನು, ಚಿಕ್ಕದಕ್ಕೆ ಬೇರೆ, ಹೋದ ವಾರ ಒಬ್ರು ಮೇಷ್ಟ್ರು ದೊಡ್ಡದು ಅಂದ್ರು, ನಾನು ಸಾಮಾನೆಲ್ಲ ಊರಾಚೆ ಹೊತ್ಕೊಂಡು ಹೋದ್ರೆ ಬುತ್ತಿ ಡಬ್ಬಿಯಷ್ಟಿತ್ತು.

ಹೊಲಿಗೆಯವಳನ್ನು ಅಳತೆ ಕೇಳುತ್ತಾನೆ, ಆ ಪೆಟ್ಟಿಗೆಗೆ ಮಖಮಲ್ಲಿನ ಹೊದಿಕೆ ಹೊಲಿದವಳೇ ಅವಳು, ಫ್ರಿಜ್ಜಿಗೆ, ನೀರಿನ ಕ್ಯಾನಿಗೆ, ಅನ್ನದ ಕುಕ್ಕರಿಗೆ ಹೊಲಿದ ಹಾಗೆ, ಕೆಳಗೆ ಲೇಸಿನ ಅಂಚು ಕೊಟ್ಟು — ಎತ್ತರ ನಲವತ್ತೈದು ಸೆಂಟಿಮೀಟರ್, ಅಗಲ ಇಪ್ಪತ್ತು. ಹಾಗಾದ್ರೆ ನಿಂತಿರೋ ಟವರ್, ಆದ್ರೂ ನೆನಪಿನಿಂದ ಹೇಳ್ಬೇಡಿ ಇಬು, ಹೊದಿಕೆ ತೆಗೆದು ಟೇಪ್ ಹಿಡೀರಿ. ಇವನಿಗೆ ಅವಳ ನೆನಪಿನ ಮೇಲೆ ಅನುಮಾನ, ಅವಳಿಗೆ ಇವನ ಮೇಲೆಯೇ, ಆದರೆ ಶುಕ್ರವಾರಕ್ಕೆ ನಲವತ್ತು ಕೆಬಾಯಾ ರವಿಕೆ, ಎಲ್ಲ ಮದುಮಗಳ ಕಡೆಯವರದು, ಕಸೂತಿಯ ಹೂಗಳೆಲ್ಲ ಆ ಪೆಟ್ಟಿಗೆಯೊಳಗೆ, ಹದಿನಾಲ್ಕು ವರ್ಷದ ಹೂ, ಅವು ಇಲ್ಲದಿದ್ದರೆ ಕಸೂತಿ ಯಂತ್ರ ಬರೀ ಸೂಜಿ. ಗೋಡೆಯ ಸ್ವಿಚ್ ಹಾಕಿದರೆ ಸಾಕು, ತಾನೇ ಏಳುತ್ತಿತ್ತು, ದಿನಾ ತಂಗಿ ಲಿಲಿಕ್ ಹಾಕುವುದು, ಇವತ್ತು ಅವಳಿಗೆ ಹಲ್ಲುನೋವು, ಬಂದಿಲ್ಲ, ಮುರ್ನಿಯಾತಿ ಹಾಕಿದರೆ ಪರದೆ ಕಪ್ಪಗೇ ಉಳಿಯಿತು. ದೆಮಾಕ್‌ಗೆ ಸೋದರತ್ತೆಯ ಸಾವಿಗೆ ತಾನು ಹೋಗಿದ್ದು ಮೂರು ದಿನ, ಮೂರೇ ದಿನ, ಅಷ್ಟರಲ್ಲಿ ಹಾಳಾಗುವುದೆಂದರೆ — ಗಂಡ ಪರ್ನೊ ಮುಟ್ಟಿದನೋ, ಅವನು ಮುಟ್ಟಿದ್ದು ಯಾವುದು ಉಳಿದಿದೆ, ಬಿಚ್ಚಿದ ಫ್ಯಾನ್ ಇನ್ನೂ ಮಂಚದಡಿ ಬಿದ್ದಿದೆ, ನಾನ್ಯಾಕೆ ಮುಟ್ಲಿ ಮಾರಾಯ್ತಿ, ನಿನ್ನ ಮಖಮಲ್ ಮುಟ್ಟಿದ್ರೆ ಕೈ ಕತ್ತರಿಸ್ತೀಯ, ಅಂದಿದ್ದ ಬೆಳಿಗ್ಗೆ ಕರಿದ ಸೋಯಾ ಟೆಂಪೆ ಅಗಿಯುತ್ತಾ, ಕಣ್ಣು ತಟ್ಟೆಯಲ್ಲಿ, ಯಾಕೆ ತಟ್ಟೆಯಲ್ಲಿ.

ಬಗ್ಗಿ ಲೇಸು ಹಿಡಿದು ಎತ್ತಿದಳು, ಬಿಗಿ ರವಿಕೆ ಬಿಚ್ಚುವ ಹಾಗೆ ಎಳೆಯಬೇಕಿತ್ತು, ಇವತ್ತು ಸಲೀಸಾಗಿ ಕೈಗೇ ಬಂದುಬಿಟ್ಟಿತು. ಒಳಗೆ ಪೆಟ್ಟಿಗೆ ಇದೆ, ಕಪ್ಪಗೇ ಇದೆ, ಟೇಪ್ ಹಿಡಿದರೆ ಎತ್ತರ ಇಪ್ಪತ್ತೊಂಬತ್ತು, ಅಗಲ ಒಂಬತ್ತೂವರೆ, ಇನ್ನೊಮ್ಮೆ ಹಿಡಿದಳು, ಬಟ್ಟೆ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ, ಇದು ಅದಲ್ಲ. ಅದರ ತಲೆಯ ಮೇಲೆ, ಎರಡೂ ಪಕ್ಕದಲ್ಲಿ, ಹೊದಿಕೆ ಕುಸಿಯದಂತೆ ಟವೆಲುಗಳು. ಬಿಳಿ ಟವೆಲು, ಮೂರು ಮಡಿಕೆ, ಅಂಚು ಒಳಗೆ. ಎಷ್ಟಿದೆ ಇಬು. ಪರ್ನೊ ಟವೆಲು ಮಡಿಸುವವನಲ್ಲ, ಮುದ್ದೆ ಮಾಡಿ ಎಸೆಯುವವನು, ಕಳ್ಳನಿಗೆ ಮಡಿಸುವ ಪುರಸೊತ್ತೆಲ್ಲಿ, ಮೂರು ಮಡಿಕೆ, ಅಂಚು ಒಳಗೆ, ಅಮ್ಮ ಬಿದಿರಿನ ಮಂಚದ ಮೇಲೆ ಅಕ್ಕ ತಂಗಿ ಇಬ್ಬರನ್ನೂ ಕೂರಿಸಿ ಕಲಿಸಿದ್ದು, ಅಂಚು ಕಾಣಬಾರದು ಕಣ್ರೇ, ಅಂಚು ಕಂಡ್ರೆ ಸೋಮಾರಿ ಮನೆ ಅಂತಾರೆ, ಈ ಊರಿನಲ್ಲಿ ಹಾಗೆ ಮಡಿಸುವ ಕೈ ಎರಡೇ ಜೊತೆ, ಒಂದು ಜೊತೆ ಇಲ್ಲಿ ಟೇಪ್ ಹಿಡಿದಿದೆ. ಕಳೆದ ರಂಜಾನಿನಲ್ಲಿ ಲಿಲಿಕ್ ಕೇಳಿದ್ದಳು, ಅಕ್ಕಾ, ಹೂವೆಲ್ಲ ಬರೆಯೋದು ನಾನೇ ಅಲ್ವಾ, ಅಂಗಡಿ ಬೋರ್ಡಿನ ಮೇಲೆ ನನ್ನ ಹೆಸರೂ ಬರೆಸೋಣ, ಜಾಗ ಎಲ್ಲಿದೆಯೇ ಅಂತ ಮುರ್ನಿಯಾತಿ ನಕ್ಕಿದ್ದಳು — ಜಾಗ ಇತ್ತು, ಬೋರ್ಡಿನ ಅಳತೆಯೂ ಅವಳಿಗೆ ಗೊತ್ತು — ಲಿಲಿಕ್ ನಗಲಿಲ್ಲ, ದಾರ ಕಚ್ಚಿ ತುಂಡುಮಾಡಿದಳು. ಇಬು, ಲೈನಲ್ಲಿ ಇದೀರಾ, ದೊಡ್ಡದಾ ಚಿಕ್ಕದಾ. ಚಿಕ್ಕದು ಅನ್ನಬೇಕು, ನನ್ನದಲ್ಲ ಅನ್ನಬೇಕು, ಪೊಲೀಸರಿಗೆ ಹೇಳುತ್ತೇನೆ ಅನ್ನಬೇಕು, ಆದರೆ ಹೂಗಳನ್ನೆಲ್ಲ ಹೊತ್ತುಕೊಂಡು ಹೋಗುವ ಅವಸರದಲ್ಲೂ, ಅಕ್ಕನ ಹೊಲಿಗೆ ಸೊಟ್ಟ ಕಾಣಬಾರದೆಂದು, ನೆಲದ ಮೇಲೆ ಕೂತು, ಒಂದೊಂದಾಗಿ — ಬಿಳಿ ಟವೆಲು, ಮೂರು ಮಡಿಕೆ, ಅಂಚು ಒಳಗೆ.